ಕೃಷ್ಣೆಗೆ ಒಪ್ಪುವ ದೋಣಿ ಯಾವುದು?

ಹವ್ಯಾಸಕ್ಕೆಂದು ಗಾಳ ಹಾಕುವವರು ದೋಣಿಯೊಂದನ್ನು ಕೊಳ್ಳಹೊರಟಾಗ ಅವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಬಿದಿರಿನ ಹರಿಗೋಲು, ಇಲ್ಲವೇ ಮೋಟಾರು ಕೂಡಿಸಿದ ಫೈಬರ್ ದೋಣಿ. ಬೆಲೆ, ವೇಗ, ಬಾಳಿಕೆಗಳನ್ನು ಎಲ್ಲರೂ ತೂಗಿನೋಡುತ್ತಾರೆ. ದೋಣಿ ಇಳಿಯಬೇಕಾದ ನದಿಯನ್ನು ತೂಗಿನೋಡುವವರು ವಿರಳ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕೃಷ್ಣೆಯಾಗಲಿ, ನಿಪ್ಪಾಣಿ ಕಡೆಯಿಂದ ಬರುವ ವೇದಗಂಗಾ, ದೂಧಗಂಗಾ ನದಿಗಳಾಗಲಿ ಸಹ್ಯಾದ್ರಿಯ ಮಳೆಯನ್ನೇ ನೆಚ್ಚಿಕೊಂಡಿವೆ. ಮಲೆನಾಡಿನಲ್ಲಿ ಬಿದ್ದ ನೀರಿನ ಲೆಕ್ಕ ಬಯಲಿನಲ್ಲಿ ತೀರುತ್ತದೆ. 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿ, ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅದೇ ನದಿ ಊರೂರುಗಳನ್ನು ಮುಳುಗಿಸಿತು. ಇದರ ಜೊತೆಗೆ ಕಲ್ಲೋಳ–ಯಡೂರಿನಂತಹ ಬ್ಯಾರೇಜುಗಳು ಹರಿವನ್ನು ತುಂಡು ತುಂಡಾಗಿ ಕತ್ತರಿಸಿವೆ. ಇಂತಹ ನದಿಗೆ ಮೊಳಕಾಲುದ್ದ ನೀರಿನಲ್ಲಿಯೂ ತೇಲುವ, ಬ್ಯಾರೇಜು ಬಂದಾಗ ಹೊತ್ತು ದಾಟಿಸಬಹುದಾದ ದೋಣಿ ಬೇಕು.

ಈ ಎರಡು ಗುಣಗಳೂ ಹರಿಗೋಲಿಗಿವೆ. ಅದರ ತಳ ಚಪ್ಪಟೆ. ಚಿಕ್ಕದಾದರೆ ಒಬ್ಬನೇ ತಲೆಯ ಮೇಲೆ ಹೊರಬಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ; ಹರಿಗೋಲು ಸಂಪೂರ್ಣ ನಿರ್ಮಲವೆಂದು ಹೇಳುವಂತಿಲ್ಲ. ಆದರೂ ಬಿದಿರು ಮಣ್ಣಿಗೆ ಮರಳುತ್ತದೆ, ಹರಿದ ಹೊದಿಕೆಯನ್ನು ದಡದಲ್ಲಿಯೇ ಸರಿಪಡಿಸಬಹುದು. ಕಾವೇರಿಯ ಭೀಮೇಶ್ವರಿಯಲ್ಲಿ ಮಹಸೀರ್ ಮೀನಿಗಾಗಿ ದೇಶವಿದೇಶಗಳಿಂದ ಬರುತ್ತಿದ್ದ ಹವ್ಯಾಸಿಗಳು ಕುಳಿತದ್ದೂ ಹರಿಗೋಲಿನಲ್ಲಿಯೇ. ಅಲ್ಲಿ ಗಾಳದ ಆಟ ನಿಂತದ್ದು ದೋಣಿಯ ದೋಷದಿಂದಲ್ಲ, ಅದು ವನ್ಯಧಾಮವಾದ ಕಾರಣದಿಂದ.

ಫೈಬರ್ ದೋಣಿಯ ಪರವಾಗಿಯೂ ಹೇಳಬೇಕಾದ ಮಾತಿದೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಅಗಲವಾಗಿ ನಿಂತೆಡೆ ಗಾಳಿ ಬೀಸಿದರೆ ಹರಿಗೋಲು ಬುಗುರಿಯಂತೆ ತಿರುಗುತ್ತದೆ; ಫೈಬರ್ ದೋಣಿ ನೇರವಾಗಿ ಸಾಗುತ್ತದೆ. ಸಮಸ್ಯೆಯಿರುವುದು ಮುಖ್ಯವಾಗಿ ಮೋಟಾರಿನಲ್ಲಿ. ಹಳೆಯ ಮಾದರಿಯ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿ ಉರಿಸುತ್ತಾರೆ. ಅದರಲ್ಲೊಂದು ಪಾಲು ಉರಿಯದೆಯೇ ಹೊಗೆಯೊಡನೆ ನೀರಿಗೆ ಸೇರುತ್ತದೆ. ಅದೇ ನೀರನ್ನು ದಡದ ಊರುಗಳು ಕುಡಿಯುತ್ತವೆ. ಬೇಸಿಗೆಯಲ್ಲಿ ಹರಿವು ನಿಂತಾಗ ಆ ಎಣ್ಣೆ ಕೊಚ್ಚಿಹೋಗಲು ದಾರಿಯೂ ಇರುವುದಿಲ್ಲ. ತಿರುಗುವ ರೆಕ್ಕೆಗೆ ಸಿಕ್ಕಿ ಹರಿಯುವ ಬಲೆ ಹವ್ಯಾಸಿಯದಲ್ಲ, ಅದನ್ನೇ ನಂಬಿ ಬದುಕುವ ಅಂಬಿಗನದು. ಹಿನ್ನೀರಿಗೆ ಫೈಬರ್ ದೋಣಿಯೇ ಬೇಕೆನ್ನುವವರು ಮೋಟಾರು ಬಿಟ್ಟು ಹುಟ್ಟು ಹಾಕುವ ದೋಣಿಯನ್ನು ಕೊಳ್ಳಲಿ. ಆಟಕ್ಕೆ ಹೊರಟವರಿಗೆ ಅಷ್ಟೇಕೆ ಅವಸರ?

ಎರಡರಲ್ಲಿ ಯಾವುದನ್ನು ಕೊಂಡರೂ ಜೀವರಕ್ಷಕ ಅಂಗಿ ಇರಲೇಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮರಳು ತೆಗೆದ ಗುಂಡಿಗಳೂ ಇವೆ. ಮಳೆಗಾಲದ ಹೊಸ ನೀರಿನಲ್ಲಿ ದೋಣಿ ದಡದಲ್ಲಿರಲಿ. ಪ್ರವಾಹದ ಭಯ ಒಂದು ಕಾರಣ. ರೋಹು, ಕಾಟ್ಲಾದಂತಹ ಮೀನುಗಳು ಮೊಟ್ಟೆಯಿಡುವುದು ಆ ದಿನಗಳಲ್ಲಿಯೇ ಎಂಬುದು ಇನ್ನೊಂದು. ಇನ್ನು ಕೊಳ್ಳುವ ಹಣ ಒಬ್ಬನದಾಗದೆ ನಾಲ್ಕು ಜನರದಾದರೆ, ನಾಲ್ಕು ದೋಣಿಗಳ ಬದಲು ಒಂದೇ ನೀರಿಗಿಳಿಯುತ್ತದೆ.