ಕನ್ನ ಬಿದ್ದಿದ್ದು ನಮಗೆ, ಕೊನೆಗೆ ತಿಳಿಯೋದೂ ನಮಗೇ!

ಮಾಲೂರಾಗಲಿ, ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಒಳ್ಳೆ ಫೋನು. ಮಗ ಗೇಮ್ ಆಡೋದೂ ಅದರಲ್ಲೇ, ಅಮ್ಮನ ಹಾಲಿನ ದುಡ್ಡಿನ ಮೆಸೇಜ್, ಓಟಿಪಿ ಬರೋದೂ ಅದಕ್ಕೇ. ಗೇಮ್ ಅಂಗಡಿಯಿಂದ ಮಾಹಿತಿ ಸೋರಿದರೆ ಅದು ಮಕ್ಕಳಾಟವಲ್ಲ.

2011ರ ಏಪ್ರಿಲ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಕನ್ನ ಬಿತ್ತು. 7.7 ಕೋಟಿ ಖಾತೆಗಳು! 20ರಂದು ಸೇವೆ ನಿಲ್ಲಿಸಿದ ಕಂಪನಿ, ಹೆಸರು, ವಿಳಾಸ ಕಳುವಾಗಿದೆ ಅಂತ ಬಾಯಿಬಿಟ್ಟಿದ್ದು 26ರಂದು. ದೂರದ ಮಾತು ಬಿಡಿ. ಆ್ಯಪ್‌ಗಳಿಗೆ ಹಣ ಪಾವತಿ ನಡೆಸಿಕೊಡುವ ಬೆಂಗಳೂರಿನ ಜಸ್‌ಪೇಗೆ ಕನ್ನ ಬಿದ್ದಿದ್ದು 2020ರ ಆಗಸ್ಟ್ 18ರಂದು. ವ್ಯಾಪಾರಿಗಳಿಗೆ ಅದೇ ದಿನ ಹೇಳಿದೆವು ಅಂತು ಕಂಪನಿ. ಜನಕ್ಕೆ ಗೊತ್ತಾಗಿದ್ದು 2021ರ ಜನವರಿಯಲ್ಲಿ!

ಡೇರಿಯಲ್ಲಿ ಒಂದು ಪಾಯಿಂಟ್ ಫ್ಯಾಟ್ ಕಮ್ಮಿಯಾದರೆ ನಮಗೆ ಅಲ್ಲೇ ಹೇಳ್ತಾರೆ. ಕೋಟಿಗಟ್ಟಲೆ ಜನರ ಮಾಹಿತಿ ಹೋದಾಗ ಒಂದು ಮೆಸೇಜ್ ಹಾಕೋಕೆ ಇವರಿಗೇನು ರೋಗ? ಕಳ್ಳ ನುಗ್ಗಿದ್ದು ದುರದೃಷ್ಟ ಇರಬಹುದು, ಮುಚ್ಚಿಟ್ಟಿದ್ದು ಮೋಸವೇ.

ಸೋರಿಕೆಯಾದರೆ ಬಾಧಿತರಾದ ಪ್ರತಿಯೊಬ್ಬರಿಗೂ ತಿಳಿಸಬೇಕು, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಅನ್ನುತ್ತೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ಆ ಮೆಸೇಜ್ ಅದೇ ದಿನ, ಕನ್ನಡದಲ್ಲೇ ಬರಬೇಕು. ಅಲ್ಲಿವರೆಗೆ ನಂಬಿಕೆ ಸಾಲ ಕೊಡಬೇಡಿ. ಹಾಲಿನ ದುಡ್ಡು ಬೀಳೋ ಖಾತೆಯ ಕಾರ್ಡನ್ನು ಯಾವ ಗೇಮ್‌ಗೂ ಜೋಡಿಸಬೇಡಿ.