ಪುರುಸೊತ್ತಿನ ಓಟ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರು ಗಂಟೆಗೆ ಹೋದವರಿಗೆ ಒಂದು ಸಣ್ಣ ಪ್ರಪಂಚವೇ ಕಾಣಸಿಗುತ್ತದೆ. ಕೈಬೀಸಿ ನಡೆಯುವ ನಿವೃತ್ತರು, ಮಾತಿನ ಭರದಲ್ಲಿ ಕಾಲನ್ನು ಮರೆತ ಗೆಳತಿಯರು, ನೀರಹಕ್ಕಿಗಳತ್ತ ದುರ್ಬೀನು ಹಿಡಿದು ನಿಂತ ಪಕ್ಷಿಪ್ರಿಯರು, ಬಾಣದಂತೆ ಹಾದುಹೋಗುವ ತರುಣರು. ಇವರೆಲ್ಲರ ನಡುವೆ, ನಡೆಯುವವರಿಗಿಂತ ಕೂದಲೆಳೆಯಷ್ಟು ವೇಗವಾಗಿ, ಓಡುವವರಿಗಿಂತ ಬಹಳ ನಿಧಾನವಾಗಿ ಬೆವರು ಸುರಿಸುತ್ತ ಸಾಗುವ, ಅರವತ್ತು ದಾಟಿದ ಒಬ್ಬ ಮನುಷ್ಯನೂ ಕಾಣುತ್ತಾನೆ. ಅವನು ಓಡುತ್ತಿದ್ದಾನೋ ನಡೆಯುತ್ತಿದ್ದಾನೋ ಎಂಬ ಸಂಶಯ ನೋಡುವವರಿಗೆ ಬರುವುದು ಸಹಜ. ಅವನು ಓಡುತ್ತಿದ್ದಾನೆ. ಆ ಮನುಷ್ಯ ನಾನೇ ಆದ್ದರಿಂದ ಈ ಮಾತನ್ನು ನಂಬಬಹುದು.

ನನ್ನನ್ನು ಕಂಡವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆಡುತ್ತಾರೆ. "ಈ ವಯಸ್ಸಿನಲ್ಲಿ ಯಾರನ್ನು ಗೆಲ್ಲುವುದಕ್ಕೆ ಓಡುತ್ತೀರಿ?" ಎಂಬುದು ಮೊದಲನೆಯದು. "ನಿಮಗೇನು ಸ್ವಾಮಿ, ನಿವೃತ್ತರು. ನಮಗೆ ಪುರುಸೊತ್ತೆಲ್ಲಿದೆ?" ಎಂಬುದು ಎರಡನೆಯದು. ಮೇಲುನೋಟಕ್ಕೆ ಇವು ಬೇರೆ ಬೇರೆ ಮಾತುಗಳು. ಆದರೆ ಎರಡರ ಬೇರೂ ಒಂದೇ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಓಟವೆಂದರೆ ಗೆಲ್ಲುವವರ ಕೆಲಸ, ಗೆಲ್ಲಲಾರದವನು ಓಡುವುದು ನಗೆಪಾಟಲು ಎಂಬ ಭಾವನೆಯೇ ಆ ಬೇರು. ನಾಚಿಕೆಯಾಗುತ್ತದೆ ಎಂದು ಹೇಳಿಕೊಳ್ಳುವುದು ಕಷ್ಟ. ಪುರುಸೊತ್ತಿಲ್ಲ ಎನ್ನುವುದು ಸುಲಭ, ಅದರಲ್ಲಿ ಸ್ವಲ್ಪ ಗೌರವವೂ ಇದೆ.

ಈ ಭಾವನೆ ನನ್ನಲ್ಲಿ ಹೇಗೆ ಬೇರೂರಿತೆಂಬುದು ನನಗೆ ಚೆನ್ನಾಗಿ ನೆನಪಿದೆ. ಬಾಲ್ಯದಲ್ಲಿ ನಮ್ಮ ಹಳ್ಳಿಯಿಂದ ಶಾಲೆಗೆ ಎರಡು ಮೈಲಿ ದೂರ. ಹೋಗುವಾಗ ನಡೆಯುತ್ತಿದ್ದೆವು, ಬರುವಾಗ ಹಸಿವಿನಿಂದ ಓಡುತ್ತಿದ್ದೆವು. ಅದನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಯಾರು ಮುಂದು ಯಾರು ಹಿಂದು ಎಂದು ಎಣಿಸಲೂ ಇಲ್ಲ. ಒಂಬತ್ತನೆಯ ತರಗತಿಯಲ್ಲಿ, ಎಂದರೆ ಈಗ ನೀವಿರುವ ತರಗತಿಯಲ್ಲಿ, ಕ್ರೀಡಾದಿನದಂದು ನಾಲ್ಕು ನೂರು ಮೀಟರ್ ಓಟಕ್ಕೆ ನನ್ನ ಹೆಸರನ್ನೂ ಸೇರಿಸಿದರು. ಉಳಿದವರೆಲ್ಲ ಗುರಿ ಮುಟ್ಟಿ ನೀರು ಕುಡಿಯುತ್ತಿದ್ದಾಗ ನಾನು ಇನ್ನೂ ಕೊನೆಯ ತಿರುವಿನಲ್ಲಿದ್ದೆ. ಆಗ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಅದು ಎಂಥ ಚಪ್ಪಾಳೆಯೆಂಬುದನ್ನು ವಿವರಿಸಬೇಕಾಗಿಲ್ಲ. ಆ ಸಂಜೆಯಿಂದ ಮುಂದಿನ ಮೂವತ್ತೊಂಬತ್ತು ವರ್ಷ ನಾನು ಓಡಲಿಲ್ಲ, ಹೊರಡುತ್ತಿದ್ದ ಬಸ್ಸನ್ನು ಹಿಡಿಯುವುದಕ್ಕಾಗಿ ಓಡಿದ್ದನ್ನು ಬಿಟ್ಟರೆ.

ಗೆದ್ದ ಮೂವರಿಗೆ ಪದಕ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಸ್ಪರ್ಧೆಯೂ ಒಂದು ಸೊಗಸು. ಆದರೆ ಉಳಿದವರಿಗೆ ನಾವು ಏನನ್ನು ಕಲಿಸಿದೆವು? ಹಾಡಲು ಬಾರದವನೂ ಸ್ನಾನದ ಮನೆಯಲ್ಲಿ ಹಾಡಿಕೊಳ್ಳುತ್ತಾನೆ. ಸಂಗೀತ ವಿದ್ವಾಂಸನಾಗುವವರೆಗೆ ಬಾಯಿ ತೆರೆಯಬಾರದೆಂದು ಯಾರೂ ಅವನಿಗೆ ಹೇಳುವುದಿಲ್ಲ. ಓಟಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದರಲ್ಲಿಯೂ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಪ್ರಾಥಮಿಕ ಶಾಲೆಯಲ್ಲಿ ಜಿಂಕೆಯಂತೆ ಓಡುತ್ತಿದ್ದವರು ಪ್ರೌಢಶಾಲೆಗೆ ಬಂದೊಡನೆ ಮೈದಾನದ ಅಂಚಿಗೆ ಸರಿದು ನಿಲ್ಲುವುದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ಇದು ನಮ್ಮ ದೇಶದ ದೋಷ ಮಾತ್ರವಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 800 ಮೀಟರ್ ಓಟವನ್ನು ಒಮ್ಮೆ ಇಟ್ಟು, ಅದು ಅವರ ಶಕ್ತಿಗೆ ಮೀರಿದ್ದೆಂದು ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದಂತೂ 1984ರಲ್ಲಿ. ಆ ಮಧ್ಯದ ವರ್ಷಗಳಲ್ಲಿ ಹೆಂಗಸರ ಕಾಲುಗಳೇನೂ ಬದಲಾಗಲಿಲ್ಲ. ನೋಡುವವರ ಕಣ್ಣು ಬದಲಾಯಿತು.

ಇನ್ನು ಪುರುಸೊತ್ತಿನ ಮಾತು. ಇದರಲ್ಲಿ ನಾನೂ ಅಪರಾಧಿಯೆಂದು ಒಪ್ಪಿಕೊಂಡೇ ಮುಂದುವರಿಯಬೇಕು. ನಾನು ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಹತ್ತನೆಯ ತರಗತಿಯ ಪರೀಕ್ಷೆ ಸಮೀಪಿಸಿತೆಂದರೆ ವ್ಯಾಯಾಮ ಶಿಕ್ಷಕರ ಬಳಿಗೆ ಹೋಗಿ, "ಈ ವಾರ ಆಟದ ಅವಧಿಯನ್ನು ನನಗೆ ಬಿಟ್ಟುಕೊಡಿ, ಸಮಾಸ ಪ್ರಕರಣ ಮುಗಿದಿಲ್ಲ" ಎಂದು ಕೇಳುತ್ತಿದ್ದೆ. ಅವರು ಸಾಧು ಮನುಷ್ಯರು, ಇಲ್ಲವೆನ್ನುತ್ತಿರಲಿಲ್ಲ. ನಾನು ಕೇಳದ ವಾರ ಗಣಿತದವರು ಕೇಳುತ್ತಿದ್ದರು. ಕಿಟಕಿಯ ಹೊರಗೆ ಮೈದಾನ ಬಿಸಿಲಿನಲ್ಲಿ ಬರಿದಾಗಿ ಬಿದ್ದಿರುತ್ತಿತ್ತು. ಒಳಗೆ ಐವತ್ತು ಮಕ್ಕಳು ಬಹುವ್ರೀಹಿಗೆ ಉದಾಹರಣೆ ಹುಡುಕುತ್ತ ಕುಳಿತಿರುತ್ತಿದ್ದರು. ನಾನು ಕರ್ತವ್ಯನಿಷ್ಠ ಶಿಕ್ಷಕನೆಂಬ ಹೆಸರು ಪಡೆದದ್ದು ಹೀಗೆ.

ಕುಳಿತೇ ಕೆಲಸ ಮಾಡುವವರ ಗತಿಯೇನೆಂಬುದನ್ನು ಲೋಕಕ್ಕೆ ಮೊದಲು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ವೈದ್ಯ ಜೆರ್ರಿ ಮಾರಿಸ್ ಒಬ್ಬರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಒಂದೇ ಬಸ್ಸಿನಲ್ಲಿ ಇಬ್ಬರ ದುಡಿಮೆ. ಚಾಲಕ ದಿನವಿಡೀ ಕುಳಿತಿರುತ್ತಾನೆ. ನಿರ್ವಾಹಕ ಟಿಕೆಟ್ಟಿಗಾಗಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರೂ ಅದೇ ಊರಿನವರು, ಹೆಚ್ಚು ಕಡಿಮೆ ಒಂದೇ ವರ್ಗದವರು. ಆದರೂ ಹೃದಯದ ಕಾಯಿಲೆ ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಿಮೆ ಎಂದು ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಚಾಲಕರು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ಸ್ಥೂಲಕಾಯರಾಗಿದ್ದರೆಂಬುದು ಅನಂತರ ಅವರಿಗೇ ತಿಳಿದುಬಂತು. ಅದನ್ನೂ ಮುಚ್ಚಿಡದೆ ಹೇಳಿದರು. ಆದರೆ ಮನೆಮನೆಗೆ ಕಾಗದ ಹಂಚುವ ಅಂಚೆಯವರನ್ನು ಕಚೇರಿಯಲ್ಲಿ ಕುಳಿತ ಗುಮಾಸ್ತರೊಡನೆ ಹೋಲಿಸಿದಾಗಲೂ ಇದೇ ಬಗೆಯ ವ್ಯತ್ಯಾಸ ಕಂಡಿತ್ತು. ಮಾರಿಸ್ ತಮ್ಮ ಮಾತನ್ನು ತಾವೇ ಪಾಲಿಸಿದವರು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಅಂಚೆಯೆಂದಾಗ ನಮ್ಮ ನಾಡಿನ ಹಳೆಯ ಅಂಚೆ ನೆನಪಾಗುತ್ತದೆ. ಕಾಗದದ ಚೀಲವನ್ನು ಹೆಗಲಿಗೇರಿಸಿ ಒಂದು ಠಾಣೆಯಿಂದ ಮತ್ತೊಂದಕ್ಕೆ ಓಡುತ್ತಿದ್ದ ಹರಿಕಾರರಿಗೆ ಓಟವೇ ವೃತ್ತಿಯಾಗಿತ್ತು. ಅವರಿಗೆ ಆರೋಗ್ಯಕ್ಕಾಗಿ ಓಡಿರೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಟ್ಟೆಪಾಡಿನಲ್ಲಿಯೇ ವ್ಯಾಯಾಮ ಸೇರಿಕೊಂಡಿತ್ತು. ನಮ್ಮ ಕಾಲದಲ್ಲಿ ಇವೆರಡೂ ಬೇರೆಯಾಗಿವೆ. ನೀರು ನಲ್ಲಿಯಲ್ಲಿ ಬರುತ್ತದೆ, ಹಿಟ್ಟು ಗಿರಣಿಯಲ್ಲಿ ಬೀಸಲ್ಪಡುತ್ತದೆ, ಸುದ್ದಿ ಅಂಗೈಯ ಫೋನಿಗೇ ಬಂದು ಬೀಳುತ್ತದೆ. ಇದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ನನ್ನ ತಾಯಿ ಬೀಸುಕಲ್ಲಿನ ಮುಂದೆ ಪಟ್ಟ ಪಾಡನ್ನು ನಾನು ಬಲ್ಲೆ. ಆದರೆ ಕೆಲಸ ಕಳೆದ ಶ್ರಮವನ್ನು ನಾವು ಬೇಕೆಂದೇ ಎಲ್ಲಿಯಾದರೂ ಮರಳಿ ಸೇರಿಸಿಕೊಳ್ಳಬೇಕಾಗಿದೆ.

ನನಗೆ ಈ ಅರಿವು ಬಂದದ್ದು ಓದಿನಿಂದಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿದ ವೈದ್ಯರು ಚೀಟಿಯನ್ನು ನನ್ನ ಮುಂದಿಟ್ಟು, ಸಕ್ಕರೆ ಕಾಯಿಲೆ ಹೊಸ್ತಿಲು ದಾಟಿ ಒಳಗೆ ಬಂದಿದೆ ಎಂದರು. ಹೃದಯವನ್ನು ಪರೀಕ್ಷಿಸಿ, ಮೊದಲು ನಡೆಯಿರಿ, ಆಮೇಲೆ ಸಾಧ್ಯವಾದರೆ ನಿಧಾನವಾಗಿ ಓಡಿ ಎಂದು ಅಪ್ಪಣೆ ಕೊಟ್ಟರು. ಆಗ ನಾನು ನಿವೃತ್ತನಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಪಾಠ, ಉತ್ತರ ಪತ್ರಿಕೆಗಳ ಮೌಲ್ಯಮಾಪನ, ಚುನಾವಣೆಯ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ತಂದೆ, ಇಷ್ಟೆಲ್ಲದರ ನಡುವೆ ಓಟಕ್ಕೆ ಹೊತ್ತು ಹುಡುಕಬೇಕಾಗಿತ್ತು.

ಹುಡುಕಿದಾಗ ಸಿಕ್ಕಿತು. ಒಂದು ವಾರದಲ್ಲಿ 10,080 ನಿಮಿಷಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ, ಇಲ್ಲವೇ ಓಟದಂಥ ತೀವ್ರ ಶ್ರಮವಾದರೆ 75 ನಿಮಿಷ ಸಾಕು. ನಿಮ್ಮ ವಯಸ್ಸಿನವರಿಗಾದರೋ ದಿನಕ್ಕೆ ಸರಾಸರಿ 60 ನಿಮಿಷ ಬೇಕೆಂದು ಅದೇ ಸೂಚನೆ ಹೇಳುತ್ತದೆ. ವಾರಕ್ಕೆ ಎರಡೋ ಮೂರೋ ಆಟದ ಅವಧಿ, ಅದನ್ನೂ ಕಸಿದುಕೊಳ್ಳಲು ನನ್ನಂಥ ಶಿಕ್ಷಕರು; ಲೆಕ್ಕ ಹೇಗೆ ಹೊಂದೀತು?

ನನ್ನ ಮೊದಲ ದಿನದ ಓಟ ಎರಡು ದೀಪದ ಕಂಬಗಳ ನಡುವಿನ ದೂರ. ಅಷ್ಟಕ್ಕೇ ಎದೆ ಕುಲುಮೆಯ ತಿದಿಯಂತಾಯಿತು. ಬೀದಿ ನಾಯಿಯೊಂದು ನನ್ನ ಓಟವನ್ನು ಗಂಭೀರವಾಗಿ ಪರಿಗಣಿಸಿ ಸ್ವಲ್ಪ ದೂರ ಜೊತೆಗೆ ಬಂದು, ಬೇಸರಗೊಂಡು ಹಿಂದಿರುಗಿತು. ಆಮೇಲೆ ಒಂದು ಕಂಬದವರೆಗೆ ಓಟ, ಮುಂದಿನ ಕಂಬದವರೆಗೆ ನಡಿಗೆ ಎಂಬ ಒಪ್ಪಂದ ಮಾಡಿಕೊಂಡೆ. ತಿಂಗಳುಗಳು ಕಳೆದಂತೆ ನಡಿಗೆಯ ಕಂಬಗಳು ಒಂದೊಂದಾಗಿ ಓಟಕ್ಕೆ ಸೇರಿದವು. ಇದರಲ್ಲಿ ಪವಾಡವೇನೂ ಇಲ್ಲ. ಅಭ್ಯಾಸ ಮಾಡಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆದ್ದರಿಂದ ವಿಶ್ರಾಂತಿಯ ವೇಳೆ ಕಡಿಮೆ ಸಲ ಬಡಿದರೂ ಸಾಕಾಗುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ, ಇನ್ಸುಲಿನ್ನಿನ ಮಾತನ್ನೂ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ನನ್ನ ಕಾಯಿಲೆ ಹೋಗಲಿಲ್ಲ. ಮಾತ್ರೆ ಈಗಲೂ ಇದೆ, ಆದರೆ ಹನ್ನೆರಡು ವರ್ಷಗಳಿಂದ ಅದರ ಸಂಖ್ಯೆ ಏರಿಲ್ಲ. ನಾನು ಹೇಳಬಹುದಾದದ್ದು ಇಷ್ಟೇ. ಓಡಿದರೆ ಸರ್ವರೋಗವೂ ಮಾಯವೆಂದು ಸಾರುವವರನ್ನು ನಾನು ನಂಬುವುದಿಲ್ಲ.

ನಿಧಾನವಾಗಿ ಓಡುವುದೂ ಓಟವೇ ಎಂದು ಲೋಕಕ್ಕೆ ಒಪ್ಪಿಸಿದ ಮಹನೀಯರೊಬ್ಬರಿದ್ದಾರೆ. ಅವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಅವರ ಬದುಕು ಬಿಡುವಿನ ಬದುಕಾಗಿರಲಿಲ್ಲ. ಷೂ ಕಾರ್ಖಾನೆಯಲ್ಲಿ ದುಡಿಮೆ, ಅದರ ಜೊತೆಗೆ ಮನೆಮನೆಗೆ ಹಾಲು ಹಾಕುವ ಕೆಲಸ. ತರುಣರಾಗಿದ್ದಾಗ ರಗ್ಬಿ ಆಡುತ್ತಿದ್ದುದರಿಂದ ತಮ್ಮ ದೇಹ ಗಟ್ಟಿಯಾಗಿದೆಯೆಂದು ನಂಬಿದ್ದರು. ಒಮ್ಮೆ ಕ್ಲಬ್ಬಿನ ಹಿರಿಯರೊಬ್ಬರೊಡನೆ ಐದು ಮೈಲಿ ಓಡಿದಾಗ ಉಸಿರು ಸಿಕ್ಕಿಹೋಯಿತು. ಮೂವತ್ತಕ್ಕೇ ಹೀಗಾದರೆ ಐವತ್ತಕ್ಕೆ ಹೇಗೆ ಎಂಬ ಚಿಂತೆ ಹತ್ತಿ, ತಮ್ಮ ಮೈಯ ಮೇಲೆಯೇ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಬಹುದೂರವನ್ನು ಸಮಾಧಾನದ ವೇಗದಲ್ಲಿ ಓಡಿ ಕಸುವನ್ನು ಕೂಡಿಸಿಕೊಳ್ಳಬೇಕು, ವೇಗ ಆಮೇಲೆ ಎಂಬುದು ಅವರು ಕಂಡುಕೊಂಡ ಕ್ರಮ. ಅವರ ನೆರೆಹೊರೆಯ ಹುಡುಗರೇ ಶಿಷ್ಯರಾದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಅವರಲ್ಲಿ ಇಬ್ಬರು ಚಿನ್ನ ಗೆದ್ದರು: ಪೀಟರ್ ಸ್ನೆಲ್ 800 ಮೀಟರ್‌ನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರ್‌ನಲ್ಲಿ. ಹಾಲ್ಬರ್ಗ್‌ರ ಎಡಗೈ ಹುಡುಗತನದಲ್ಲೇ ರಗ್ಬಿಯ ಪೆಟ್ಟಿನಿಂದ ಊನವಾಗಿತ್ತು.

ಆದರೆ ನನ್ನ ಮನಸ್ಸನ್ನು ಸೆಳೆಯುವುದು ಈ ಚಿನ್ನವಲ್ಲ. ಅನಂತರ ಲಿಡಿಯಾರ್ಡ್ ಆಕ್ಲೆಂಡಿನಲ್ಲಿ ಹೃದ್ರೋಗಿಗಳನ್ನೂ ಬೊಜ್ಜು ಬಂದ ವ್ಯಾಪಾರಿಗಳನ್ನೂ ಸೇರಿಸಿಕೊಂಡು ನಿಧಾನ ಓಟದ ಕೂಟವೊಂದನ್ನು ಕಟ್ಟಿದರು. ಅಲ್ಲಿ ಸೋಲು ಗೆಲುವುಗಳಿರಲಿಲ್ಲ. ಓಡುತ್ತ ಪಕ್ಕದವನೊಡನೆ ಮಾತಾಡಲು ಆಗುವಂತಿದ್ದರೆ ವೇಗ ಸರಿಯಾಗಿದೆ, ಮಾತು ತುಂಡಾದರೆ ನಿಧಾನಿಸಬೇಕು. ಈ ನಿಯಮ ಇಂದಿಗೂ ಓಟಗಾರರಿಗೆ ಮಾನ್ಯ. 1962ರಲ್ಲಿ ಅಮೆರಿಕದ ಆರೆಗಾನ್‌ನಿಂದ ಬಿಲ್ ಬೋವರ್‌ಮನ್ ಎಂಬ ಹೆಸರಾಂತ ತರಬೇತುದಾರರು ಅಲ್ಲಿಗೆ ಬಂದರು. ಲಿಡಿಯಾರ್ಡ್ ಅವರನ್ನೂ ಈ ಕೂಟದೊಡನೆ ಓಡಲು ಕರೆದೊಯ್ದರು. ಐವತ್ತು ದಾಟಿದ ಬೋವರ್‌ಮನ್ ಎಲ್ಲರಿಗಿಂತ ಹಿಂದೆ ಬಿದ್ದರು. ಎಪ್ಪತ್ತು ದಾಟಿದ ವೃದ್ಧರೊಬ್ಬರು ಕನಿಕರದಿಂದ ತಾವೂ ಹಿಂದುಳಿದು, ಮಾತಾಡಿಸುತ್ತ ಅವರನ್ನು ಕರೆತಂದರು. ಚಾಂಪಿಯನ್ನರನ್ನು ತಯಾರುಮಾಡುವ ಗುರು ಅಂದು ಕೊನೆಯವನಾಗಿ ಓಡಿದ. ಆದರೆ ಅಲ್ಲಿ ಯಾರೂ ಅಣಕದ ಚಪ್ಪಾಳೆ ತಟ್ಟಲಿಲ್ಲ. ಬೋವರ್‌ಮನ್ ಊರಿಗೆ ಮರಳಿ ಅದೇ ಬಗೆಯ ಕೂಟಗಳನ್ನು ಆರಂಭಿಸಿದರು, ಹೃದ್ರೋಗತಜ್ಞರೊಬ್ಬರೊಡನೆ ಸೇರಿ 1967ರಲ್ಲಿ ಜಾಗಿಂಗ್ ಕುರಿತ ಪುಸ್ತಕವನ್ನೂ ಹೊರತಂದರು. ಇಂದು ಕಬ್ಬನ್ ಪಾರ್ಕಿನಲ್ಲಿಯೂ ಕುಕ್ಕರಹಳ್ಳಿಯಲ್ಲಿಯೂ ಸಾಮಾನ್ಯರು ನಾಚದೆ ಓಡುತ್ತಿದ್ದಾರೆಂದರೆ, ಆ ಹಾಲು ಹಾಕುವ ಮನುಷ್ಯನ ಋಣ ಅವರ ಮೇಲೆ ಸ್ವಲ್ಪವಾದರೂ ಇದೆ.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಒಬ್ಬರು ನನ್ನನ್ನು ತಡೆದು ಕಾಲಿಗೆರಗಿದರು. ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತೈದರ ಸುಮಾರಿನ ಗೃಹಸ್ಥ, ದಿನವಿಡೀ ಕಂಪ್ಯೂಟರಿನ ಮುಂದೆ ಕೆಲಸ. ವೈದ್ಯರ ಮಾತಿನ ಮೇಲೆ ನಡೆಯಲು ಬಂದಿದ್ದ. "ನೀವು ಓಡುತ್ತೀರಾ ಸಾರ್?" ಎಂದು ಕೇಳಿದ ದನಿಯಲ್ಲಿ ಆಶ್ಚರ್ಯವಿತ್ತು, ಆಟದ ಅವಧಿಯ ನೆನಪೂ ಇತ್ತೆಂದು ನನಗೆ ತೋರಿತು. ಆ ಮಾತನ್ನು ನಾನೇ ಎತ್ತಿದೆ. ಅವನು ನಕ್ಕು, "ಆಗ ತುಂಬ ಸಿಟ್ಟು ಬರುತ್ತಿತ್ತು ಸಾರ್" ಎಂದ. ಬಾ, ಮುಂದಿನ ಬೇವಿನ ಮರದವರೆಗೆ ಎಂದು ಕರೆದೆ. ಸಂಕೋಚದಿಂದ ಅತ್ತಿತ್ತ ನೋಡಿ, ಹೆಜ್ಜೆ ಹಾಕಿದ. ಮಾತಾಡಲು ಉಸಿರಿದೆಯೇ ಎಂದು ತಿಳಿಯುವುದಕ್ಕಾಗಿ, ಬಹುವ್ರೀಹಿಗೆ ಒಂದು ಉದಾಹರಣೆ ಹೇಳು ಎಂದೆ. ಮರ ಇನ್ನೂ ಹತ್ತು ಮಾರು ದೂರವಿತ್ತು. "ಮುಕ್ಕಣ್ಣ ಸಾರ್," ಎಂದ. ವಿಗ್ರಹವಾಕ್ಯ ಹೇಳುವಷ್ಟು ಉಸಿರು ಉಳಿದಿರಲಿಲ್ಲ, ಇಬ್ಬರೂ ನಿಧಾನಿಸಿದೆವು.