ಸೋಲ್‌ನಲ್ಲೊಂದು ಟೆಹರಾನ್ ರಸ್ತೆ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಗಾಜಿನ ಕಟ್ಟಡಗಳು ಸಾಲುಗಟ್ಟಿದ ರಸ್ತೆಯೊಂದಕ್ಕೆ ಇರಾನಿನ ರಾಜಧಾನಿ ಟೆಹರಾನ್‌ನ ಹೆಸರು. 1977ರಲ್ಲಿ ಇಟ್ಟದ್ದು. ಕಚ್ಚಾತೈಲಕ್ಕೆ ಪರರ ಮನೆ ಬಾಗಿಲು ಕಾಯಬೇಕಾದ ನಾಡಿಗೆ ತೈಲದ ನಾಡೊಂದರ ಊರಿನ ಹೆಸರಿಡುವುದು ಬರೀ ಸೌಜನ್ಯವಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಸೋಲ್ ಅರಬ್ಬರ ಪರ ಹೇಳಿಕೆ ಕೊಟ್ಟಿತು. ಕೊರಿಯಾದ ಗುತ್ತಿಗೆದಾರರು ಸೌದಿಯ ಮರಳಿಗಿಳಿದರು. 1976ರಲ್ಲಿ ಅಲ್ಲಿನ ಜುಬೈಲ್ ಬಂದರಿನ ಕಾಮಗಾರಿ ಹಿಡಿದ ಹ್ಯುಂಡೈ, ಉಕ್ಕಿನ ಭಾರೀ ಚೌಕಟ್ಟುಗಳನ್ನು ತವರಿನ ಉಲ್ಸಾನ್‌ನಲ್ಲೇ ಕಟ್ಟಿ ಸಮುದ್ರದ ಮೇಲೆ ಎಳೆದೊಯ್ದಿತು. ಎಣ್ಣೆಗೆ ತೆತ್ತ ಡಾಲರು ಒಂದಿಷ್ಟಾದರೂ ಕೂಲಿಯಾಗಿ ಮರಳಿತು.

ಅಗತ್ಯಕ್ಕೆ ತಕ್ಕ ಇಂಥ ನಡೆ ಹೊಸದಲ್ಲ: ಅದಕ್ಕೂ ಮೊದಲು, 1965ರಲ್ಲಿ, ವಿದ್ಯಾರ್ಥಿಗಳು ವಿರೋಧಿಸಿ ಬೀದಿಗಿಳಿದರೂ ದಕ್ಷಿಣ ಕೊರಿಯಾ ತನ್ನ ಹಳೆಯ ಆಳರಸ ಜಪಾನಿನೊಡನೆ ರಾಜಿಯಾಯಿತು. ಆ ರಾಜಿಯಿಂದ ಬಂದ ಹಣದ ಒಂದು ಪಾಲು ಪೋಹಾಂಗ್‌ನ ಉಕ್ಕಿನ ಕುಲುಮೆಗೆ ಹೋಯಿತು. ಜಪಾನಿನ ಆಳ್ವಿಕೆಯಲ್ಲಿ ಅಲ್ಲಿನ ಗಣಿಗಳಲ್ಲಿ ಬಲವಂತಕ್ಕೆ ದುಡಿದ ಕೊರಿಯನ್ನರ ಕೈಗೆ ಹತ್ತಿದ್ದು ಅತ್ಯಲ್ಪ. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.